ಸ್ವಿಂಗ್ ಬುಡದಿಂದ ಬದಲಿಸುವ ತರಬೇತಿ: ಆಟ ಮೊದಲು ಕೆಡುವುದು ಸಹಜವೇ?

ಕೂಳೆಗದ್ದೆ, ಮಂಡ್ಯ

ಗಾಲ್ಫ್ ಆಡುವ ಹಿರಿಯರಲ್ಲಿ ಒಂದು ಸಲಹೆ ಕೇಳಬೇಕಾಗಿದೆ. ನನಗೆ ಈಗ 51 ವರ್ಷ. ಒಂಬತ್ತು ವರ್ಷಗಳ ಹಿಂದೆ ಮೈಸೂರಿನ ಸ್ನೇಹಿತರೊಬ್ಬರ ಒತ್ತಾಯಕ್ಕೆ ಕ್ಲಬ್ (ಗಾಲ್ಫ್ ಕೋಲು) ಹಿಡಿದವನು, ಅಂದಿನಿಂದ ಭಾನುವಾರ ನಸುಕಿನಲ್ಲೇ ಶ್ರೀರಂಗಪಟ್ಟಣ ದಾಟಿ ಚಾಮುಂಡಿ ಬೆಟ್ಟದ ತಪ್ಪಲಿನ ಮೈದಾನ ಸೇರುವುದನ್ನು ತಪ್ಪಿಸಿದ್ದು ಕಡಿಮೆ. ಯಾರ ಬಳಿಯೂ ಕ್ರಮವಾಗಿ ಕಲಿತವನಲ್ಲ. ಜೊತೆಗಾರರನ್ನು ನೋಡಿ ಕಲಿತದ್ದು, ಚೀಲ ಹೊರುವ ಕ್ಯಾಡಿಗಳು ಕನಿಕರದಿಂದ ಹೇಳಿಕೊಟ್ಟದ್ದು, ರಾತ್ರಿ ಮೊಬೈಲಿನಲ್ಲಿ ಕಂಡದ್ದು, ಎಲ್ಲ ಕಲಸಿಕೊಂಡು ಹುಟ್ಟಿದ ಸ್ವಿಂಗ್ (ಕ್ಲಬ್ ಬೀಸುವ ರೀತಿ) ನನ್ನದು. ಆಟದ ಮಟ್ಟ ಅಳೆಯುವ, ಕಡಿಮೆಯಾದಷ್ಟೂ ಒಳ್ಳೆಯದಾದ ಹ್ಯಾಂಡಿಕ್ಯಾಪ್ ಅಂಕಿ ನಾಲ್ಕು ವರ್ಷಗಳಿಂದ 19ರ ಆಸುಪಾಸಿನಲ್ಲಿಯೇ ನಿಂತುಬಿಟ್ಟಿದೆ. ದೂರಕ್ಕೆ ಹೊಡೆಯುವ ಡ್ರೈವರ್ ಕ್ಲಬ್ ಹಿಡಿದರೆ ಚೆಂಡು ಎಡಕ್ಕೆ ಹೊರಟು, ಕುಡುಗೋಲಿನ ಹಾಗೆ ಬಾಗಿ ಬಲಕ್ಕೆ ಬೀಳುತ್ತದೆ. ಅದಕ್ಕೆ ತಕ್ಕಂತೆ ನಾನೂ ಫೇರ್‌ವೇಯ (ಹುಲ್ಲು ಕತ್ತರಿಸಿದ ಆಟದ ಹಾದಿಯ) ಎಡ ಅಂಚಿಗೆ ಗುರಿಯಿಟ್ಟು ನಿಲ್ಲುವುದನ್ನು ರೂಢಿಸಿಕೊಂಡಿದ್ದೆ.

ಇದು ಹೀಗೆಯೇ ಮುಗಿಯಬಾರದು ಎಂದು ನಿಶ್ಚಯಿಸಿ, ಒಬ್ಬ ತರಬೇತುದಾರರಲ್ಲಿ ಹತ್ತು ಪಾಠಗಳಿಗೆ ಹಣ ಕಟ್ಟಿದೆ. ಐದು ವಾರಗಳಲ್ಲಿ ನಾಲ್ಕು ಪಾಠಗಳಾಗಿವೆ. ಮೊದಲ ದಿನ ಅವರು ಎದುರಿನಿಂದಲೂ ಹಿಂದಿನಿಂದಲೂ ನನ್ನ ಸ್ವಿಂಗನ್ನು ಚಿತ್ರೀಕರಿಸಿ, ನನ್ನ ಗ್ರಿಪ್ಪನ್ನೇ ಬದಲಿಸಿದರು. ಎಡಗೈಯನ್ನು ದಂಡದ ಮೇಲೆ ಬಲಕ್ಕೆ ತಿರುಗಿಸಿ, ಮೇಲಿನಿಂದ ನೋಡಿದರೆ ಎರಡೂವರೆ ಗೆಣ್ಣು ಕಾಣುವಂತೆ ಹಿಡಿಸಿದರು. ಎರಡನೆಯ ಪಾಠ ನಿಲ್ಲುವ ಭಂಗಿಯದ್ದು. ಮೂರು ಮತ್ತು ನಾಲ್ಕನೆಯ ಪಾಠಗಳಲ್ಲಿ ಸೊಂಟದೆತ್ತರಕ್ಕಿಂತ ಮೇಲೆ ಕ್ಲಬ್ ಎತ್ತಲು ಬಿಡಲಿಲ್ಲ.

ಪರಿಣಾಮ ಹೇಳಿಕೊಳ್ಳುವಂತಿಲ್ಲ. ಬಲಕ್ಕೆ ಬಾಗುತ್ತಿದ್ದ ಚೆಂಡು ಈಗ ನೆಲಮಟ್ಟದಲ್ಲಿ ನೇರ ಎಡಕ್ಕೆ ಓಡುತ್ತದೆ. ನಡುನಡುವೆ ಕ್ಲಬ್ಬಿನ ಕುತ್ತಿಗೆಗೆ ತಾಗಿ, ಪಕ್ಕದಲ್ಲಿ ನಿಂತವರ ಕಡೆಗೆ ಸಿಡಿಯುತ್ತದೆ. ಸಾಮಾನ್ಯವಾಗಿ 93, 94 ಹೊಡೆತಗಳಲ್ಲಿ ಮುಗಿಸುತ್ತಿದ್ದವನು ಕಳೆದ ಭಾನುವಾರ 112 ಬರೆದುಕೊಂಡು ಮನೆಗೆ ಬಂದೆ. ಜೊತೆಗಾರರು ನಗುವುದನ್ನೂ ಬಿಟ್ಟಿದ್ದಾರೆ. ಅದು ಇನ್ನೂ ಕಷ್ಟ. ಸ್ವಿಂಗ್ ಬದಲಿಸುವಾಗ ಹೀಗಾಗುವುದು ಸಹಜವೇ, ಸಹಜವಾದರೆ ಎಷ್ಟು ಕಾಲ ಸಹಿಸಬೇಕು, ಈ ಅವಧಿಯಲ್ಲಿ ಭಾನುವಾರದ ಆಟವನ್ನು ನಿಲ್ಲಿಸಬೇಕೇ, ಮತ್ತು ತಪ್ಪು ನನ್ನದೋ ಪಾಠದ್ದೋ ಎಂಬುದನ್ನು ತಿಳಿಯುವುದು ಹೇಗೆ? ಮುಂದಿನ ತಿಂಗಳು ಒಂದು ಪಂದ್ಯಕ್ಕೂ ಹೆಸರು ಕೊಟ್ಟಿದ್ದೇನೆ.


ತಡವಾಗಿ ಕಲಿತವನು, ಕುವೆಂಪುನಗರ

ನಿಮ್ಮ ಬರಹದಲ್ಲಿ ನಿಮಗೇ ಗೊತ್ತಿಲ್ಲದಂತೆ ಉತ್ತರದ ಅರ್ಧ ಭಾಗ ಅಡಗಿದೆ. ನಾನು 55ನೆಯ ವಯಸ್ಸಿನಲ್ಲಿ, ಬ್ಯಾಂಕಿನ ಕೆಲಸ ಬಿಡುವ ಹೊತ್ತಿಗೆ, ಇದೇ ಹಾದಿಯಲ್ಲಿ ನಡೆದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಕ್ಲಬ್ಬಿನ ಮುಖ ಯಾವ ಕಡೆಗಿದೆ ಎಂಬುದು. ಮಧ್ಯಮ ದೂರಕ್ಕೆ ಹೊಡೆಯುವ ಐರನ್ ಕ್ಲಬ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು, ಡ್ರೈವರ್‌ನಲ್ಲಿ ಅದಕ್ಕಿಂತ ಹೆಚ್ಚು ಪ್ರಭಾವ ಮುಖದ್ದೇ. ಚೆಂಡು ಆಮೇಲೆ ಬಾಗುವುದಕ್ಕೆ ಕಾರಣ, ಆ ಮುಖಕ್ಕೂ ಕ್ಲಬ್ ಸಾಗುತ್ತಿರುವ ದಾರಿಗೂ ನಡುವಿನ ವ್ಯತ್ಯಾಸ. ನೀವು ಎಡಕ್ಕೆ ಗುರಿಯಿಟ್ಟು ನಿಲ್ಲುತ್ತಿದ್ದಿರಿ, ಕ್ಲಬ್ಬನ್ನು ಹೊರಗಿನಿಂದ ಒಳಕ್ಕೆ ಎಳೆಯುತ್ತಿದ್ದಿರಿ, ಆ ದಾರಿಗೆ ಹೋಲಿಸಿದರೆ ಮುಖ ಬಲಕ್ಕೆ ತೆರೆದಿರುತ್ತಿತ್ತು. ಚೆಂಡು ಎಡಕ್ಕೆ ಹೊರಟು ಬಲಕ್ಕೆ ಬಾಗುತ್ತಿದ್ದುದು ಅದರಿಂದಲೇ. ಅಂದರೆ ನಿಮ್ಮ ಸ್ವಿಂಗಿನಲ್ಲಿ ಎರಡು ತಪ್ಪುಗಳು ಒಂದರ ಹೆಗಲ ಮೇಲೆ ಒಂದು ಕೈಯಿಟ್ಟುಕೊಂಡು ಒಂಬತ್ತು ವರ್ಷ ನಡೆದಿವೆ. ತರಬೇತುದಾರರು ಈಗ ಗ್ರಿಪ್ ಬದಲಿಸಿ ಮುಖವನ್ನು ಮುಚ್ಚಿಸಿದ್ದಾರೆ. ದಾರಿ ಮಾತ್ರ ಇನ್ನೂ ಹಳೆಯದೇ. ಎಡಕ್ಕೆ ಸಾಗುವ ದಾರಿಯಲ್ಲಿ ಮುಚ್ಚಿದ ಮುಖ ಬಂದರೆ ಚೆಂಡು ತಗ್ಗಾಗಿ ನೇರ ಎಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ? ಒಂದು ತಪ್ಪು ಸರಿಹೋದದ್ದಕ್ಕೆ ಇದೇ ಸಾಕ್ಷಿ. ಬದಲಾಗಿ, ಗ್ರಿಪ್ ಬದಲಾದ ಮೇಲೂ ಚೆಂಡು ಮೊದಲಿನಷ್ಟೇ ಬಲಕ್ಕೆ ಬಾಗುತ್ತಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಆದ್ದರಿಂದ ಸ್ವಿಂಗ್ ಕಟ್ಟುವ ಮೊದಲ ವಾರಗಳಲ್ಲಿ ಚೆಂಡು ಎಷ್ಟು ಚೆನ್ನಾಗಿ ಹೋಯಿತು ಎಂಬುದಕ್ಕಿಂತ ಹೇಗೆ ಕೆಟ್ಟಿತು ಎಂಬುದನ್ನು ಗಮನಿಸಿ. ತಪ್ಪಿನ ಜಾತಿ ಬದಲಾಗಿದೆಯೇ? ಬದಲಾದ ತಪ್ಪು ಪ್ರತಿ ಬಾರಿಯೂ ಒಂದೇ ರೀತಿಯದ್ದೇ? ಈ ಎರಡಕ್ಕೂ ಹೌದು ಎಂದಾದರೆ ಪಾಠ ಕೆಲಸ ಮಾಡುತ್ತಿದೆ.

ಕಾಲದ ವಿಷಯಕ್ಕೆ ಬಂದರೆ, ನನಗೆ ಹೊಸ ಗ್ರಿಪ್ ಪರಕೀಯವೆನಿಸುವುದು ನಿಂತದ್ದು ಆರನೆಯ ವಾರದಲ್ಲಿ, ಅಭ್ಯಾಸದ ಜಾಗದಲ್ಲಿ ಹೊಸ ಸ್ವಿಂಗ್ ನಿಂತದ್ದು ನಾಲ್ಕನೆಯ ತಿಂಗಳಲ್ಲಿ, ಮೈದಾನದಲ್ಲಿ ಹಣ ಕಟ್ಟಿ ಆಡುವಾಗಲೂ ಅದೇ ಸ್ವಿಂಗ್ ಬಂದದ್ದು ಹತ್ತಿರ ಹತ್ತಿರ ಒಂದು ವರ್ಷಕ್ಕೆ. ವೃತ್ತಿಪರರಿಗೂ ಇದರಿಂದ ವಿನಾಯಿತಿಯಿಲ್ಲ. 1983ರಲ್ಲಿ ಯುರೋಪಿನ ಗಳಿಕೆಯ ಪಟ್ಟಿಯಲ್ಲಿ ಮೊದಲಿಗನಾಗಿದ್ದ ನಿಕ್ ಫಾಲ್ಡೊ, ಒತ್ತಡದಲ್ಲಿ ತನ್ನ ಸ್ವಿಂಗ್ ನಿಲ್ಲದೆಂದು ಕಂಡು ತರಬೇತುದಾರ ಡೇವಿಡ್ ಲೆಡ್‌ಬೆಟರ್ ಬಳಿ ಅದನ್ನು ಬುಡಸಮೇತ ಬದಲಿಸಲು ಹೊರಟು, ಸುಮಾರು ಎರಡು ವರ್ಷ ಹಿಂದೆ ಬಿದ್ದಿದ್ದ. 1987ರಲ್ಲಿ ಮ್ಯೂರ್‌ಫೀಲ್ಡ್‌ನಲ್ಲಿ ಕೊನೆಯ ಸುತ್ತಿನ 18 ಗುಳಿಗಳಲ್ಲೂ ಪಾರ್ (ಗುಳಿಗೆ ನಿಗದಿಯಾದಷ್ಟೇ ಹೊಡೆತ) ಮಾಡಿ ಬ್ರಿಟಿಷ್ ಓಪನ್ ಗೆದ್ದ. ಟೈಗರ್ ವುಡ್ಸ್ 1997ರಲ್ಲಿ ಮಾಸ್ಟರ್ಸ್ ಪಂದ್ಯವನ್ನು 12 ಹೊಡೆತಗಳ ಅಂತರದಲ್ಲಿ ಗೆದ್ದ ಮೇಲೂ ಸ್ವಿಂಗನ್ನು ಬಿಚ್ಚಿ ಕಟ್ಟಿದ. 1998ರಲ್ಲಿ ಅಮೆರಿಕದ ವೃತ್ತಿಪರ ಪಂದ್ಯಸರಣಿಯಾದ ಪಿಜಿಎ ಟೂರ್‌ನಲ್ಲಿ ಅವನಿಗೆ ದಕ್ಕಿದ್ದು ಒಂದೇ ಗೆಲುವು, ಮರುವರ್ಷ ಎಂಟು. ದಿನಕ್ಕೆ ಎಂಟು ಗಂಟೆ ಅಭ್ಯಾಸ ಮಾಡುವವರಿಗೇ ಅಷ್ಟು ಕಾಲ ಹಿಡಿದಿರುವಾಗ, ವಾರಕ್ಕೆ ಒಂದು ದಿನದವರಾದ ನಾವು ಐದು ವಾರಕ್ಕೆ ಲೆಕ್ಕ ಕೇಳುವುದು ಸ್ವಲ್ಪ ಅವಸರವೇ.

ಪಂದ್ಯದಿಂದ ಹೆಸರು ವಾಪಸ್ ತೆಗೆದುಕೊಳ್ಳಿ. ನಾನು ತೆಗೆದುಕೊಳ್ಳಲಿಲ್ಲ. ಮೊದಲ ಹೊಡೆತ ಹೊಡೆಯುವ ಟೀಯಲ್ಲಿ ನಾಲ್ಕು ಜನ ನೋಡುತ್ತಿರುವಾಗ ಹಳೆಯ ಗ್ರಿಪ್ಪೇ ಕೈಗೆ ಬಂತು. ಆ ಒಂದು ದಿನದಿಂದ ಮೂರು ವಾರಗಳ ಅಭ್ಯಾಸ ಕೊಚ್ಚಿಹೋಯಿತು.


ಹಳೇ ಪಟ್ಟು, ನಜರಬಾದ್

ಮೇಲಿನವರ ವಿವರಣೆ ಸರಿಯಾಗಿದೆ. ಅವರ ಉದಾಹರಣೆಗಳ ಬಗ್ಗೆ ಮಾತ್ರ ನನ್ನ ತಕರಾರಿದೆ. ಬದಲಿಸಿ ಗೆದ್ದವರ ಹೆಸರು ಎಲ್ಲರಿಗೂ ನೆನಪಿರುತ್ತದೆ. 2007 ಮತ್ತು 2008ರ ನಡುವೆ ಮೇಜರ್ ಎನ್ನುವ ಅತಿ ದೊಡ್ಡ ಪಂದ್ಯಗಳಲ್ಲಿ ಮೂರನ್ನು ಗೆದ್ದ ಪಾಡ್ರಿಗ್ ಹ್ಯಾರಿಂಗ್‌ಟನ್ ಆಮೇಲೆ ಸ್ವಿಂಗನ್ನು ತಿದ್ದಲು ಕೂತು, ಪಿಜಿಎ ಟೂರ್‌ನಲ್ಲಿ ಮತ್ತೆ ಗೆದ್ದದ್ದು 2015ರಲ್ಲಿ. ಇನ್ನೊಂದು ಕಡೆ, ನೋಡಿದರೆ ಯಾವ ತರಬೇತುದಾರನೂ ತಿದ್ದಲು ಕೈ ತುರಿಸಿಕೊಳ್ಳುವಂತಹ ಸ್ವಿಂಗಿನ ಜಿಮ್ ಫ್ಯೂರಿಕ್ ಅದನ್ನು ಹಾಗೆಯೇ ಇಟ್ಟುಕೊಂಡು 2003ರಲ್ಲಿ ಯುಎಸ್ ಓಪನ್ ಗೆದ್ದ, 2016ರಲ್ಲಿ ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿದ.

ಕೂಳೆಗದ್ದೆಯವರೇ, ನಿಮಗೆ ಬೇಕಾದದ್ದು ಏನು? ಭಾನುವಾರ 88 ಹೊಡೆದು ಕಾಫಿ ಕುಡಿದು ಮಂಡ್ಯಕ್ಕೆ ಹೋಗುವುದಾದರೆ ಅದಕ್ಕೆ ಸ್ವಿಂಗ್ ಕೆಡವಬೇಕಾಗಿಲ್ಲ. ಪಾರ್ 72ರ ಮೈದಾನದಲ್ಲಿ ಗುಳಿಯ ಸುತ್ತಿನ ಗ್ರೀನಿಗೆ ಎರಡರಂತೆ 36 ಹೊಡೆತ ಚೆಂಡು ಉರುಳಿಸುವ ಪಟ್ಟಿಂಗಿಗೇ ಮೀಸಲಾಗಿದೆ. ಐವತ್ತು ಗಜದೊಳಗಿನ ಆಟವನ್ನು ಮೂರು ತಿಂಗಳು ತಿದ್ದಿಕೊಂಡರೆ ಐದು ಹೊಡೆತ ತಾನಾಗಿ ಇಳಿಯುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಬಲಕ್ಕೆ ಬಾಗುವ ನನ್ನ ಸ್ಲೈಸ್ ಅಂಥದ್ದು. 27 ವರ್ಷಗಳಿಂದ ಅದರೊಂದಿಗೆ ಸಂಸಾರ ಮಾಡುತ್ತಿದ್ದೇನೆ.


ಕೂಳೆಗದ್ದೆ, ಮಂಡ್ಯ

ಇಬ್ಬರಿಗೂ ಧನ್ಯವಾದಗಳು. ಹಳೇ ಪಟ್ಟು ಅವರ ಪ್ರಶ್ನೆಗೆ ಉತ್ತರ ಕೊಡಬೇಕು. ಹೊಡೆತಗಳ ಸಂಖ್ಯೆಗಾಗಿಯೇ ಆಗಿದ್ದರೆ ನಿಮ್ಮ ಮಾತನ್ನು ಒಪ್ಪಿಬಿಡುತ್ತಿದ್ದೆ. ಕಳೆದ ವರ್ಷದಿಂದ ಆಟ ಮುಗಿದ ಮೇಲೆ ಎಡ ಸೊಂಟದ ಮೇಲ್ಭಾಗ ಹಿಡಿದುಕೊಳ್ಳುತ್ತಿದೆ. ಮೇಲಿನಿಂದ ಕ್ಲಬ್ಬನ್ನು ತೋಳಿನ ಬಲದಲ್ಲಿ ಎಳೆಯುವುದನ್ನು ಬಿಡದೆ ಇದು ಹೋಗುವುದಿಲ್ಲ ಎಂದು ತರಬೇತುದಾರರು ಹೇಳಿದ್ದು ನನ್ನನ್ನು ಒಪ್ಪಿಸಿತು. ಇನ್ನೊಂದು ಸಂದೇಹ: ಈ ಅವಧಿಯ ಕೆಟ್ಟ ಸುತ್ತುಗಳನ್ನೂ ಹ್ಯಾಂಡಿಕ್ಯಾಪಿಗೆ ಸೇರಿಸಿದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ?


ಚೀಲ ಹೊತ್ತವನು, ಬೆಟ್ಟದ ತಪ್ಪಲು

ನಾನು ಹನ್ನೆರಡನೆಯ ವಯಸ್ಸಿನಲ್ಲಿ ಕ್ಯಾಡಿಯಾಗಿ ಚೀಲ ಹೊರಲು ಆರಂಭಿಸಿದವನು; ಈಗ ಹದಿನೇಳು ವರ್ಷಗಳಿಂದ ಹೇಳಿಕೊಡುತ್ತಿದ್ದೇನೆ. ನಿಮ್ಮ ತರಬೇತುದಾರರು ಯಾರೆಂದು ನನಗೆ ತಿಳಿಯದು, ತಿಳಿಯುವ ಅಗತ್ಯವೂ ಇಲ್ಲ. ಕಲಿಸುವವನ ಕಡೆಯಿಂದ ನೋಡಿದರೆ ಹೇಗಿರುತ್ತದೆ ಎಂಬುದನ್ನು ಹೇಳುತ್ತೇನೆ.

ಮೊದಲು ಹ್ಯಾಂಡಿಕ್ಯಾಪ್. 2020ರಲ್ಲಿ ಬಂದ ಜಾಗತಿಕ ಪದ್ಧತಿಯಲ್ಲಿ ನಿಮ್ಮ ಇತ್ತೀಚಿನ 20 ಸುತ್ತುಗಳಲ್ಲಿ ಉತ್ತಮವಾದ 8ನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಹಳೆಯ ಒಳ್ಳೆಯ ಸುತ್ತುಗಳು ಪಟ್ಟಿಯಲ್ಲಿ ಇರುವಷ್ಟು ದಿನ 112 ನಿಮಗೆ ಏನೂ ಮಾಡದು. ಆ ಮೇಲೆ ಏರಿದರೂ, ಕಳೆದ ಒಂದು ವರ್ಷದಲ್ಲಿ ನೀವು ಮುಟ್ಟಿದ ಅತಿ ಕಡಿಮೆ ಅಂಕಿಗಿಂತ ಮೂರಕ್ಕೆ ಮೀರಿದ ಏರಿಕೆ ಅರ್ಧಕ್ಕೆ ಇಳಿಯುತ್ತದೆ, ಐದಕ್ಕೆ ಬಾಗಿಲು ಮುಚ್ಚುತ್ತದೆ. ಅದರ ಚಿಂತೆ ಬಿಡಿ.

ಪಾಠದ ಗುಣವನ್ನು ಅಳೆಯಲು ನಾನು ಒಂದು ಮಾತು ಹೇಳುವುದುಂಟು. ಪಾಠ ಮುಗಿಸಿ ಕಾರಿನ ಬಾಗಿಲು ತೆಗೆಯುವಾಗ ನಿಮ್ಮ ತಲೆಯಲ್ಲಿ ಎಷ್ಟು ವಿಷಯಗಳಿವೆ? ಒಂದಿದ್ದರೆ ಒಳ್ಳೆಯ ಪಾಠ, ಎರಡಿದ್ದರೆ ಸರಿ, ನಾಲ್ಕಿದ್ದರೆ ಆ ದಿನ ಕಲಿಸಿದವನು ತನ್ನ ಜ್ಞಾನವನ್ನು ತೋರಿಸಿಕೊಂಡಿದ್ದಾನೆ ಎಂದು ತಿಳಿಯಿರಿ. ಕ್ಲಬ್ಬನ್ನು ಮೇಲಿನಿಂದ ಚೆಂಡಿಗೆ ತರಲು ಹಿಡಿಯುವ ಸಮಯ ಸುಮಾರು ಕಾಲು ಸೆಕೆಂಡು; ಅಷ್ಟರಲ್ಲಿ ನಾಲ್ಕು ಉಪದೇಶ ನೆನಪಿಸಿಕೊಳ್ಳಲು ಯಾರಿಂದ ಸಾಧ್ಯ? ನಿಮ್ಮವರು ಗ್ರಿಪ್, ನಿಲುವು, ಅರ್ಧ ಸ್ವಿಂಗ್ ಎಂದು ಒಂದೊಂದಾಗಿ, ಬುಡದಿಂದ ಮೇಲಕ್ಕೆ ಬಂದಿದ್ದಾರೆ. ಅದು ಸರಿಯಾದ ಕ್ರಮ. ಸೊಂಟದೆತ್ತರದ ಸ್ವಿಂಗಿಗೆ ಕಟ್ಟಿಹಾಕಿದ್ದಕ್ಕೆ ಬೇಸರಪಡಬೇಡಿ. ಚೆಂಡು ತಾಗುವ ಭಾಗವೆಲ್ಲ ಆ ಅರ್ಧದಲ್ಲೇ ಇದೆ. ನಮ್ಮ ಮೈಸೂರಿನ ಗರಡಿಗಳಲ್ಲಿ ಹೊಸ ಹುಡುಗನಿಗೆ ಮೊದಲ ದಿನವೇ ಯಾರೂ ಪಟ್ಟು ಹೇಳಿಕೊಡುವುದಿಲ್ಲ. ಮಣ್ಣು ಅಗೆಸುತ್ತಾರೆ, ಸಾಮು ಮಾಡಿಸುತ್ತಾರೆ.

ಹಾಗಾದರೆ ಯಾವಾಗ ಅನುಮಾನ ಪಡಬೇಕು? ಒಂದು ವಾರ ಹೇಳಿದ್ದಕ್ಕೆ ಮುಂದಿನ ವಾರ ವಿರುದ್ಧವಾದದ್ದನ್ನು ಹೇಳಿದರೆ, ಏಕೆ ಎಂದು ಕೇಳಿದಾಗ ಚೆಂಡಿನ ಹಾರಾಟವನ್ನು ತೋರಿಸಿ ಕಾರಣ ಹೇಳಲಾಗದಿದ್ದರೆ, ಮೊದಲ ದಿನ ತೆಗೆದ ಚಿತ್ರವನ್ನು ಮತ್ತೆಂದೂ ಹೊಸದರ ಪಕ್ಕದಲ್ಲಿಟ್ಟು ತೋರಿಸದಿದ್ದರೆ, ಅಥವಾ ಎಲ್ಲ ರೋಗಕ್ಕೂ ತಲೆ ಎತ್ತಬೇಡಿ ಎಂಬ ಒಂದೇ ಮದ್ದು ಕೊಟ್ಟರೆ. ಆ ಮದ್ದು ಪ್ರತಿ ಟೀಯಲ್ಲೂ ಬಿಟ್ಟಿ ಸಿಗುತ್ತದೆ, ಅದಕ್ಕೆ ಹಣ ಕಟ್ಟಬೇಕಾಗಿಲ್ಲ. ಐದನೆಯ ಪಾಠದ ದಿನ ನೀವೇ ಕೇಳಿ: ಚೆಂಡು ಎಡಕ್ಕೆ ಓಡುತ್ತಿರುವುದನ್ನು ನೀವು ನಿರೀಕ್ಷಿಸಿದ್ದಿರಾ, ದಾರಿಯನ್ನು ತಿದ್ದುವುದು ಯಾವಾಗ? ಗೊತ್ತಿದ್ದವನಿಗೆ ಈ ಪ್ರಶ್ನೆ ಸಂತೋಷ ಕೊಡುತ್ತದೆ.

ಅಭ್ಯಾಸ ಮಾಡುವಾಗ ಒಂದು ಬುಟ್ಟಿ ಚೆಂಡನ್ನು ಸರಸರನೆ ಹೊಡೆದು ಬೆವರು ಒರೆಸಿಕೊಳ್ಳುವುದು ಬೇಡ. ಏಳನೆಯ ಐರನ್ ಹಿಡಿದು ನಲವತ್ತು ಚೆಂಡು ಸಾಕು. ಪ್ರತಿ ಚೆಂಡಿಗೂ ಗ್ರಿಪ್ಪನ್ನು ಪೂರ್ತಿ ಬಿಟ್ಟು ಹೊಸದಾಗಿ ಹಿಡಿಯಿರಿ, ಚೆಂಡಿಲ್ಲದೆ ಎರಡು ಬಾರಿ ಬೀಸಿ, ಆಮೇಲೆ ಒಂದು ಹೊಡೆಯಿರಿ. ನಿಮ್ಮ ಸಿಡಿಯುವ ಚೆಂಡಿಗೆ ಹೆಚ್ಚಾಗಿ ಕಾರಣ, ಕೆಳಗಿಳಿಯುವಾಗ ಕೈಗಳು ಮೈಯಿಂದ ದೂರ ಹೋಗುವುದು. ಚೆಂಡಿನ ಆಚೆ ಬದಿಗೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಒಂದು ಟವೆಲ್ ಮಡಿಸಿಡಿ. ಅದನ್ನು ಮುಟ್ಟದೆ ಹೊಡೆಯಲು ಬಂದ ದಿನ ಆ ಕಾಟ ತಪ್ಪುತ್ತದೆ. ನೆಲದ ಮೇಲೆ ಎರಡು ಕೋಲು ಇಟ್ಟುಕೊಳ್ಳಿ, ಒಂದು ಗುರಿಯ ಕಡೆಗೆ, ಇನ್ನೊಂದು ಅದಕ್ಕೆ ಸಮಾನಾಂತರವಾಗಿ ನಿಮ್ಮ ಪಾದಗಳ ಮುಂದೆ. ಒಂಬತ್ತು ವರ್ಷ ಎಡಕ್ಕೆ ನಿಂತವರಿಗೆ ನೇರ ನಿಂತಾಗ ಬಲಕ್ಕೆ ತಿರುಗಿ ನಿಂತಂತೆ ಅನಿಸಿಯೇ ತೀರುತ್ತದೆ. ಆಗ ಕಣ್ಣನ್ನು ನಂಬಬೇಡಿ, ಕೋಲನ್ನು ನಂಬಿ.

ಭಾನುವಾರ ಬನ್ನಿ. ಒಂಬತ್ತು ಗುಳಿ ಆಡಿ, ಅಂಕ ಬರೆಯಬೇಡಿ. ಹಳೇ ಪಟ್ಟು ಅವರು ಹೇಳಿದ ಹತ್ತಿರದ ಆಟವನ್ನು, ಅಂದರೆ ಚಿಪ್ಪಿಂಗ್ ಮತ್ತು ಪಟ್ಟಿಂಗನ್ನು ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಅವು ಈ ಬದಲಾವಣೆಯಿಂದ ಕೆಡುವುದಿಲ್ಲ. ಹೊಸ ಡ್ರೈವರ್ ಕೊಳ್ಳುವ ಆಸೆ ಬಂದೇ ಬರುತ್ತದೆ, ತಡೆದುಕೊಳ್ಳಿ. ಸ್ವಿಂಗ್ ನಿಂತ ಮೇಲೆ ಅಳತೆ ಕೊಟ್ಟು ಕೊಳ್ಳಬಹುದು. ಈಗ ಬೇಕಿದ್ದರೆ ಕ್ಲಬ್ಬಿನ ಹಿಡಿಗೆ ಹಾಕುವ, ಸವೆದು ಜಾರುವ ರಬ್ಬರ್ ಗ್ರಿಪ್‌ಗಳನ್ನು ಬದಲಿಸಿಕೊಳ್ಳಿ. ಜಾರುವ ಗ್ರಿಪ್ಪನ್ನು ಬಿಗಿಯಾಗಿ ಹಿಡಿಯದೆ ವಿಧಿಯಿಲ್ಲ, ಬಿಗಿ ಹಿಡಿದರೆ ಕಲಿಸಿದ್ದೆಲ್ಲ ವ್ಯರ್ಥ. ಸೊಂಟದ ನೋವನ್ನು ಮಾತ್ರ ನನ್ನಂಥವರ ಮಾತಿಗೆ ಬಿಡದೆ ವೈದ್ಯರಿಗೆ ತೋರಿಸಿ.


ಮೊದಲ ಕಾಲ, ಲಕ್ಷ್ಮೀಪುರಂ

ನಾನು ಗಾಲ್ಫಿಗೆ ಹೊಸಬಳು. ಆದರೆ ದೈಹಿಕ ಶಿಕ್ಷಣ ಬೋಧಿಸಿದ ಅನುಭವವಿದೆ, ಮೂವತ್ತು ವರ್ಷಗಳಿಂದ ಪಿಟೀಲು ನುಡಿಸುತ್ತೇನೆ. ಅದರಲ್ಲಿ ಒಮ್ಮೆ ಬಿಲ್ಲು ಹಿಡಿಯುವ ಕ್ರಮವನ್ನೇ ಬದಲಿಸಬೇಕಾಗಿ ಬಂದಿತ್ತು. ಗುರುಗಳು ಕೀರ್ತನೆಗಳನ್ನೆಲ್ಲ ನಿಲ್ಲಿಸಿ ಸರಳೆ ವರಸೆಗೆ ಕೂರಿಸಿದರು, ಅದೂ ಮೊದಲನೆಯ ಕಾಲದಲ್ಲಿ ಮಾತ್ರ. ಎರಡನೆಯ ಕಾಲಕ್ಕೆ ಹೋದ ಕೂಡಲೇ ಕೈ ಹಳೆಯ ಹಿಡಿತಕ್ಕೆ ಓಡಿಹೋಗುತ್ತಿತ್ತು. ಅರ್ಧ ಸ್ವಿಂಗ್ ನಿಮ್ಮ ಮೊದಲನೆಯ ಕಾಲ. ವೇಗ ಕೂಡಿಸಿದಾಗ ಹಳೆಯದು ಮರಳಿದರೆ ಮತ್ತೆ ಒಂದು ಕಾಲ ಇಳಿಸಬೇಕು, ಅದರಲ್ಲಿ ಅವಮಾನವಿಲ್ಲ.

ಚೀಲ ಹೊತ್ತವರು ಹೇಳಿದ ಟವೆಲ್ಲಿನ ಉಪಾಯ ಏಕೆ ಫಲಿಸುತ್ತದೆ ಎಂಬುದಕ್ಕೆ ಕಾರಣವಿದೆ. ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಗಾಲ್ಫ್ ಹೊಸದಾಗಿ ಕಲಿಯುವವರ ಮೇಲೆ ನಡೆಸಿದ ಪ್ರಯೋಗದಲ್ಲಿ, ತಮ್ಮ ತೋಳುಗಳ ಚಲನೆಯ ಮೇಲೆ ಗಮನವಿಟ್ಟವರಿಗಿಂತ ಕ್ಲಬ್ಬಿನ ಚಲನೆಯ ಮೇಲೆ ಗಮನವಿಟ್ಟವರು ಹೆಚ್ಚು ನಿಖರವಾಗಿ ಹೊಡೆದರು. ಮೊಣಕೈ ಎಲ್ಲಿದೆ, ಮಣಿಕಟ್ಟು ಹೇಗಿದೆ ಎಂದು ಮೈಯೊಳಗೆ ನೋಡುವುದಕ್ಕಿಂತ ಟವೆಲ್ಲನ್ನು ಮುಟ್ಟಬಾರದು ಎಂಬ ಹೊರಗಿನ ಗುರಿಯನ್ನು ಮೈ ಬೇಗ ಅರ್ಥಮಾಡಿಕೊಳ್ಳುತ್ತದೆ. ನಿಮ್ಮ ತರಬೇತುದಾರರಲ್ಲಿ ಪ್ರತಿ ತಿದ್ದುಪಡಿಗೂ ಇಂಥ ಒಂದು ಹೊರಗಿನ ಗುರುತನ್ನು ಕೇಳಿ ಪಡೆಯಿರಿ.

ಮತ್ತೊಂದು ಸಂಗತಿ. ಒಂದೇ ಹೊಡೆತವನ್ನು ನಲವತ್ತು ಬಾರಿ ಹೊಡೆದರೆ ಆ ದಿನ ಚೆನ್ನಾಗಿ ಬರುತ್ತದೆ, ಮೂರು ದಿನಕ್ಕೆ ಆರಿಹೋಗುತ್ತದೆ. ಹೊಸ ಚಲನೆ ಸ್ವಲ್ಪ ಮೈಗೂಡಿದ ಮೇಲೆ ಕ್ಲಬ್ಬನ್ನೂ ಗುರಿಯನ್ನೂ ಚೆಂಡಿನಿಂದ ಚೆಂಡಿಗೆ ಬದಲಿಸಿ. ಅಭ್ಯಾಸದ ಹೊತ್ತಿನಲ್ಲಿ ಕೆಟ್ಟದಾಗಿ ಕಾಣುವುದು, ಉಳಿಯುವುದು ಮಾತ್ರ ಹೆಚ್ಚು.


ಕೂಳೆಗದ್ದೆ, ಮಂಡ್ಯ

ಪಂದ್ಯದಿಂದ ಹೆಸರು ತೆಗೆಸಿದೆ. ನಿನ್ನೆ ಐದನೆಯ ಪಾಠದಲ್ಲಿ ಚೀಲ ಹೊತ್ತವರು ಹೇಳಿದಂತೆಯೇ ಕೇಳಿದೆ. ತರಬೇತುದಾರರು ಒಂದು ಕ್ಷಣ ನನ್ನನ್ನೇ ನೋಡಿ, ಎಡಕ್ಕೆ ಹೋಗದಿದ್ದರೆ ನಾನೇ ಗಾಬರಿಯಾಗುತ್ತಿದ್ದೆ, ದಾರಿಯ ಕೆಲಸ ಇಂದಿನಿಂದ ಎಂದರು. ಮೊದಲೇ ಹೇಳಿದ್ದರೆ ಮೂರು ವಾರದ ನಿದ್ದೆ ಉಳಿಯುತ್ತಿತ್ತು ಎಂದದ್ದಕ್ಕೆ, ನೀವು ಕೇಳಲಿಲ್ಲವಲ್ಲ ಸರ್ ಎಂಬ ಉತ್ತರ ಬಂತು. ಅಷ್ಟು ಹಣ ಕಟ್ಟಿಸಿಕೊಂಡವರು ಕೇಳದೆಯೇ ಹೇಳಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಮೊದಲ ದಿನದ ಚಿತ್ರವನ್ನು ಪಕ್ಕದಲ್ಲಿಟ್ಟು ತೋರಿಸಿದರು. ಭುಜ ಇನ್ನೂ ಮುಂಚಿತವಾಗಿ ತೆರೆಯುತ್ತಿದೆ. ಗ್ರಿಪ್ ಮಾತ್ರ ಬೇರೆ ಯಾರದೋ ಕೈ ಎಂಬಷ್ಟು ಬದಲಾಗಿದೆ.

ಮನೆಯ ಹಿಂದೆ ಕಬ್ಬು ಕಡಿದು ಮುಗಿದ ಗದ್ದೆಯಂಚಿನಲ್ಲಿ ಬಲೆ ಕಟ್ಟಿಸಿದ್ದೇನೆ. ಅಂಗಡಿಯ ಕೋಲು ಇನ್ನೂ ತರಿಸಿಲ್ಲ, ಬೇರೆ ಏನಾದರೂ ನಡೆಯುತ್ತದೆಯೇ?


ಚೀಲ ಹೊತ್ತವನು, ಬೆಟ್ಟದ ತಪ್ಪಲು

ಮಂಡ್ಯದಲ್ಲಿ ಕೂತು ಕೋಲಿಗೆ ಅಂಗಡಿ ಹುಡುಕುತ್ತೀರಲ್ಲ ಸರ್! ಎರಡು ಕಬ್ಬಿನ ಜಲ್ಲೆ ಸಾಕು, ನೇರವಾಗಿರುವುದನ್ನು ಆರಿಸಿಕೊಳ್ಳಿ.